ಬಂದವರಿಗಾಗಿ ಒಂದು ಸಲಾಯಿನ್ ಬಾಟ್ಲಿ

ಹಲೋ... ಹಲೋ, ಯಾರ‍್ರಿ ಮಾತಾಡೋದು? ಸ್ವಲ್ಪ ಜೋರಾಗಿ ಮಾತಾಡ್ರಿ, ನಿಮ್ಮ ಹಿಂದ ಮಂದಿ ಗದ್ದಲ ಭಾಳ ಐತಿ...

... ಹಾಂ, ಹೌದ್ರಿ, ಮೋಟೆಬೆನ್ನೂರ. ರುದ್ರಮುನಿಯವರ ನಂಬರ ಇದು. ಅವ್ರು ಇಲ್ರಿ, ಬ್ಯಾಡಗಿ ಮಾರ್ಕೆಟ್ಟಿಗೆ ಹೋಗ್ಯಾರ, ಇವತ್ತು ಮೆಣಸಿನಕಾಯಿ ಟೆಂಡರ್ ಐತಿ. ಮನ್ಯಾಗ ಇರ‍್ಲಿ ಅಂತ ಮೊಬೈಲು ಬಿಟ್ಟು ಹೋಗ್ಯಾರ. ನಾ ಅವ್ರ ಹೆಂಡ್ತಿ ಶ್ರೀದೇವಿ. ನೀವು ಯಾರು?

... ಉಚ್ಚಂಗೆವ್ವನ? ನಮ್ಮ ಅತ್ತಿಯವ್ರು. ಅದಾರಲ್ರಿ, ಇಲ್ಲೇ ಒಳಗ ಮಂಚದ ಮ್ಯಾಲ ಮಲಗ್ಯಾರ. ಯಾಕ್ರಿ? ... ಬೆಡ್ಡು? ಯಾವ ಬೆಡ್ಡು? ನಾವು ಯಾರೂ ಬೆಡ್ ಕೇಳಿಲ್ಲವಾ ತಂಗಿ. ನೀ ತಪ್ಪಿ ನಮಗ ಫೋನ್ ಹಚ್ಚೀದಿ.

... ರಾಣೆಬೆನ್ನೂರು? ದವಾಖಾನಿಯಿಂದ? ... ಗಾಡಿ ಹೊಂಡ್ತೈತಿ, ಪೇಷಂಟನ್ನ ತಯಾರ ಮಾಡಿ ಇಡ್ರಿ ಅಂದ್ರ ಏನವಾ? ನಮ್ಮ ಅತ್ತಿಯವ್ರು ಏನು ಮದುವಿಗೆ ಹೊಂಟಾರ? ಯಾರು ಹೇಳಿದ್ರು ನಿಮಗ? ... ಬಾಜೂಕ ನಿಂತಾರ? ಹಂಗಾರ ಅವ್ರ ಕೈಯಾಗ ಕೊಡು ಫೋನು...

... ನೀಲಗಂಗಕ್ಕಾ! ನೀವ? ಅಲ್ರಿ ಅಕ್ಕಾ, ನಿಮ್ಮವ್ವನ್ನ ದವಾಖಾನಿಗೆ ಹಾಕಾಕ ಬೆಡ್ ಹಿಡದೀರಿ, ಗಾಡಿ ಹೇಳೀರಿ, ನಿಮ್ಮ ತಮ್ಮಗ ಒಂದು ಮಾತಿಲ್ಲ, ನನಗ ಒಂದು ಮಾತಿಲ್ಲ. ಬೀಗರ ಮನ್ಯಾಗಿನ ಸಾಮಾನು ಒಯ್ದಂಗ ಒಯ್ಯಾಕತ್ತೀರಲ್ಲ!

... ಹಾಂ, ಹಾಂ, ಬೈರಿ. ಆದ್ರ ಒಂದು ಮಾತು ಮೊದಲ ಹೇಳಿಬಿಡ್ತೇನಿ. ಮುಂಜಾನಿಂದ ಕರೆಂಟ್ ಇಲ್ಲ, ಇದರ ಬ್ಯಾಟರಿ ಟುಂಯ್ ಟುಂಯ್ ಅನ್ನಾಕತ್ತೈತಿ. ಬೈಯೂದಿದ್ರ ಲಗೂ ಬೈದು ಮುಗಸ್ರಿ...

... ಸುಳ್ಳು ಬಾಟ್ಲಿ? ಯಾರು ಹೇಳಿದ್ರು? ... ಮೈಲವ್ವ. ಗೊತ್ತಿತ್ತು ನನಗ. ನಿಮ್ಮ ಚಿಗವ್ವ ನಿನ್ನಿ ತಮ್ಮ ಅಕ್ಕನ್ನ ಮಾತಾಡ್ಸಾಕ ಅಂತ ಬಂದಿದ್ರು. ತಮ್ಮೂರು ಐರಣಿಗೆ ಹೋಗೂ ಹಾದ್ಯಾಗ ನಿಮ್ಮನಿಗೆ ಇಳಿದ್ರು ಅಂದಮ್ಯಾಲ ಮುಗೀತು. ರೇಡಿಯೋದಾಗ ಬ್ಯಾರೆ ಹೇಳೂದು ಬ್ಯಾಡ.

... ಹೌದ್ರಿ, ಕೌದಿ ಎತ್ತಿ ನೋಡ್ಯಾರ. ನಾ ಚಾ ಮಾಡಾಕ ಒಳಗ ಹೋಗಿದ್ದೆ. ... ಹೌದು. ಬಾಟ್ಲಿ ಗ್ವಾಡಿ ಮಳಿಗೆ ತೂಗು ಹಾಕಿತ್ತು, ನಳಿಗಿ ಕೌದಿ ಒಳಗ ಹೋಗಿತ್ತು, ತುದಿ ಮಂಚದ ಕಾಲಿಗೆ ಕಟ್ಟಿತ್ತು. ಅತ್ತಿಯವ್ರ ಕೈಗೆ ಸೂಜಿ ಇರಲಿಲ್ಲ. ಒಪ್ಪಿದೆ.

... ನಗಾಕತ್ತಿಲ್ರಿ ಅಕ್ಕಾ. ಖರೇನ ಇಲ್ಲ. ... ಒಂದೀಟು ಬಂತು ನಗು, ತಪ್ಪಾತು. ಮೈಲವ್ವ, 'ಸೊಸಿ ಮಂಚಕ್ಕ ಸಲಾಯಿನ್ ಏರಿಸ್ಯಾಳ' ಅಂದ್ರಂತಲ್ಲ, ಆ ಮಾತಿಗೆ ಬಂತು.

... ಅಕ್ಕಾ.

... ಅಕ್ಕಾ, ಆ ಮಾತು ಮಾತ್ರ ಬ್ಯಾಡ್ರಿ. ನೀರು ಕೊಡದ ಕೊಲ್ಲಾಕತ್ತಾಳ ಅಂತ ಊರು ಅಂದ್ರ ನಾ ತಡಕೊಂತೇನಿ. ನೀವು ಅಂದ್ರ ತಡಕೊಳ್ಳಾಕ ಆಗಂಗಿಲ್ಲ. ನಾ ಈ ಮನಿಗೆ ಬಂದಾಗಿಂದ ಅವ್ರ ಕೈಯಾಗ ಬೈಸ್ಕೊಂಡೇನಿ, ಅವ್ರ ಕೈಯಾಗ ಉಂಡೇನಿ. ನಾಳೆ ಬೈಯೂರು ಇರಂಗಿಲ್ಲ ಅಂದ್ರ ಈ ಮನ್ಯಾಗ ನನಗ ಹೊತ್ತ ಹೋಗಂಗಿಲ್ಲ, ಗೊತ್ತೈತೇನು ನಿಮಗ?

... ಹಾಂ. ಆತು ಬಿಡ್ರಿ. ... ಇಲ್ಲ, ಅಳಾಕತ್ತಿಲ್ಲ. ಮೆಣಸಿನಕಾಯಿ ಘಾಟು, ಅಂಗಳದಾಗ ಹರವೇವಿ.

... ನಮ್ಮ ತಲಿಯಿಂದ ಮಾಡಿಲ್ರಿ, ಡಾಕ್ಟರ್ ಹೇಳಿದ್ದಕ್ಕ ಮಾಡೇವಿ. ಹಾವೇರಿ ನಂದಿತಾ ಡಾಕ್ಟರ್. ... ಹೌದು, ಅದ ಸಣ್ಣ ಹುಡುಗಿ. ಸಣ್ಣಾಕಿ ಆದ್ರ ಓದಿದ್ದು ಸಣ್ಣದಾಗ್ತೈತೇನ್ರಿ? ಆಕಿ ಏನಂದ್ಲು, ಕೇಳ್ರಿ. ಹೋಗೂ ಕಾಲಕ್ಕ ಮೈ ತಾನ ನೀರು ಬ್ಯಾಡ ಅಂತೈತಂತ. ಹಾಕಿದ ನೀರು ಹೊರಗ ಹೋಗಾಕ ಹಾದಿ ಇಲ್ಲ, ಕೈಕಾಲಾಗ ನಿಲ್ತೈತಿ, ಎದಿಯಾಗ ನಿಲ್ತೈತಿ. ಬಾಯಿ ಒಣಗೂದು ಬ್ಯಾರೆ, ನೀರಡಿಕಿ ಬ್ಯಾರೆ ಅಂದ್ಲು. ಬಾಯಿ ಒಣಗಿದ್ರ ಬಾಯಿ ತೋಯಿಸ್ರಿ, ಕೈಗೆ ಸೂಜಿ ಚುಚ್ಚಿದ್ರ ಬಾಯಿ ಹಸಿ ಆಗಂಗಿಲ್ಲ ಅಂತ.

... ಅದೂ ಖರೇನ. ಬ್ಯಾಡಗಿ ಚನ್ನಬಸಪ್ಪ ಡಾಕ್ಟರು ಹಾಕೂಣು ಅಂದ್ರು. ನಾ ಎಲ್ಲಿ ಇಲ್ಲ ಅಂದೆ? ಇಬ್ಬರು ಡಾಕ್ಟರ್ ಇದ್ದಲ್ಲೆ ಮೂರು ಮಾತು. ಅವ್ರು ಮನಿಗೆ ಬಂದು ನಾಡಿ ಹಿಡದು ಹೇಳಿದ್ದ ಹಿಂಗ: 'ಒಂದು ಬಾಟ್ಲಿ ಹಗೂರಕ ಬಿಡ್ತೇನವಾ, ಆಕಿಗೆ ಗುಣಾ ಆಗ್ಲಿ ಅಂತಲ್ಲ, ನಿಮಗ ಸಮಾಧಾನ ಆಗ್ಲಿ ಅಂತ.' ನಾ ಅಂದೆ, ಡಾಕ್ಟರ‍್ರ, ಸಮಾಧಾನ ನಮಗ ಬೇಕಂದ್ರ ಸೂಜಿ ನಮಗ ಚುಚ್ರಿ, ಅವ್ರಿಗೆ ಯಾಕ? ಮುದುಕಪ್ಪ ನಕ್ಕು ಚೀಲ ಮುಚ್ಚಿದ. ನಿಮ್ಮ ಅತ್ತಿಯಂಗ ಆಗೀದಿ ನೀನೂ ಅಂದ.

... ಸ್ನೇಹಾನ ಮಾತು ಬ್ಯಾರೆ ಅಕ್ಕಾ. ನಿಮ್ಮ ಮಗಳಿಗೆ ವಾಂತಿ-ಭೇದಿ ಆಗಿ ಕಣ್ಣು ಗುಳಿ ಬಿದ್ದಿದ್ವು, ಸಲಾಯಿನ್ ಹಾಕಿದ್ರು, ಮರುದಿನ ಎದ್ದು ರೊಟ್ಟಿ ಕೇಳಿದ್ಲು. ಹೌದು, ಸಲಾಯಿನ್ನ ಆಕಿನ್ನ ಉಳಿಸ್ತು. ಆಗ ಆಕಿ ಎಳೇ ಹುಡುಗಿ, ಮೈಯಾಗಿನ ನೀರು ಹೊರಗ ಹೋಗಿತ್ತು, ಒಳಗ ತುಂಬಿದ್ರು. ಇವ್ರಿಗೆ ಹೋಗಿದ್ದು ನೀರಲ್ರಿ, ಆಯುಷ್ಯ.

... ಅತ್ತಿಯವ್ರಿಗೂ ಹಾವೇರಿ ದವಾಖಾನ್ಯಾಗ ಹಾಕಿಸಿದ್ವಲ್ಲ, ಮರತ್ರೇನು? ಕೈ ಬಾತು ಬೆಳ್ಳಿ ಕಡಗ ಮಾಂಸದಾಗ ಹೂತಿತ್ತು. ಅಕ್ಕಸಾಲ್ಯಾನ್ನ ಕರಕೊಂಡು ಬಂದವ್ರ ನೀವು. ವಾರ್ಡಿನಾಗ ಎಲ್ಲಾರೂ ನೋಡಾಕತ್ತಿದ್ರು, ಅಂವಾ ಮಂಚದ ಮ್ಯಾಲ ಕುಂತು ಕಡಗ ಕತ್ತರಿಸಿದ. ಎದಿಯಾಗ ಗೊರಗೊರ ಸಪ್ಪಳ. ಗಂಟಲದಾಗ ನಳಿಗಿ ಬಿಟ್ಟು ಕಫ ಎಳಿಯೂ ಮುಂದ ನೀವು ಹೊರಗ ಹೋಗಿ ನಿಂತ್ರಿ. ನಾ ಒಳಗ ಕಾಲು ಹಿಡಕೊಂಡು ನಿಂತಿದ್ದೆ. ಅವ್ರು ನನ್ನ ಹೆಂಗ ನೋಡಿದ್ರು ಅಂದ್ರ... ಬ್ಯಾಡ ಬಿಡ್ರಿ.

... ಮತ್ತ ಬಾಟ್ಲಿ ಯಾಕ ಅಂದ್ರ? ಹಾಂ, ಈಗ ಕೇಳಿದ್ರಿ ನೋಡ್ರಿ ಕೇಳೂ ಮಾತು. ಅದು ಯಾರ ತಲಿ ಅಂತ ತಿಳಕೊಂಡೀರಿ? ... ನಂದಲ್ಲ. ... ನಿಮ್ಮ ತಮ್ಮಂದಾ? ಅಕ್ಕಾ, ನೀವ ಆಡಿಸಿ ಬೆಳಿಸಿದ ತಮ್ಮ, ಅವ್ರಿಗೆ ಅಷ್ಟು ತಲಿ ಇದ್ದಿದ್ರ ಹೋದ ವರ್ಷ ಮೆಣಸಿನಕಾಯಿ ಮಳಿಯಾಗ ತೋಯಸ್ತಿದ್ರೇನು?

... ನಿಮ್ಮವ್ವಂದು.

... ನಿಮ್ಮಾಣಿ. ಲಿಂಗದ ಆಣಿ. ಕೇಳ್ರಿ, ಹೇಳ್ತೇನಿ. ಹಾವೇರಿಯಿಂದ ಮನಿಗೆ ಕರಕೊಂಡು ಬಂದ್ವಿ. ಮಾತು ಇನ್ನೂ ಖಡಕ್ ಇತ್ತು ಆಗ. ಮಂದಿ ಮಾತಾಡ್ಸಾಕ ಬರಾಕ ಚಾಲೂ ಮಾಡಿದ್ರು. ಗುತ್ತಲದಿಂದ ಬಂದ್ರು, ಬ್ಯಾಡಗಿಯಿಂದ ಬಂದ್ರು, ಒಬ್ಬೊಬ್ಬರ ಕೈಯಾಗ ಒಂದೊಂದು ಎಳನೀರು. ನುಂಗಾಕ ಬರದಾಕಿಗೆ ಇಷ್ಟು ಎಳನೀರು ಯಾಕ್ರಿ? ಮನ್ಯಾಗಿನ ಎಮ್ಮಿ ಸೈತ ಈಗ ಎಳನೀರು ಅಂದ್ರ ಮುಖಾ ತಿರಗಸ್ತೈತಿ. ಬಂದವ್ರು ಹೊಸ್ತಲಾ ದಾಟಿದ ಕೂಡ್ಲೆ ಮೊದಲ ನೋಡೂದು ಏನು? ಅತ್ತಿಯವ್ರ ಮುಖಾ ಅಲ್ಲ. ಮ್ಯಾಲ, ಗ್ವಾಡಿಗೆ. ಮಳಿಗೆ ಬಾಟ್ಲಿ ಐತೋ ಇಲ್ಲೋ. ಇಲ್ಲ ಅಂದ ಕೂಡ್ಲೆ ನನ್ನ ಕಡೆ ಒಂದು ನೋಟ. 'ಯಾಕವಾ ಶ್ರೀದೇವಿ, ಸಲಾಯಿನ್ ಏರಿಸಿಲ್ಲೇನು? ಹಾಂಗ ಬಿಟ್ಟೀರೇನು?' ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತು, 'ಸೊಸಿ ದಾರಿ ಕಾಯಾಕತ್ತಾಳ.' ಕಿಡಕಿ ತಗದಿರ್ತೈತಿ, ಅತ್ತಿಯವ್ರಿಗೆ ಎಲ್ಲಾ ಕೇಳತೈತಿ.

... ಹೂಂ. ಒಂದಿನ ಸಂಜಿಕೆ ನನ್ನ ಕರದ್ರು. 'ಏ ಶ್ರೀದೇವಿ, ಹಳೇ ಬಾಟ್ಲಿ ಒಂದು ಇಸ್ಕೊಂಡು ಬಾ. ಆ ಮಳಿಗೆ ತೂಗು ಹಾಕು. ನಳಿಗಿ ಕೌದಿ ಒಳಗ ಬಿಡು.' ನಾ ಅಂದೆ, ಯಾಕ್ರಿ ಅತ್ತಿ, ಹುಚ್ಚು ಹಿಡದೈತೇನು? ಅವ್ರಂದ್ರು, 'ನಾ ಎಷ್ಟು ಮನಿಗೆ ಮಾತಾಡ್ಸಾಕ ಹೋಗೇನಿ, ನನಗ ಗೊತ್ತೈತಿ. ಮಂದಿ ಬಾಟ್ಲಿ ನೋಡ್ತಾರ, ಪೇಷಂಟನ್ನ ನೋಡಂಗಿಲ್ಲ. ನಾ ಹೋದಮ್ಯಾಲ ನಿನ್ನ ಯಾರೂ ಅನ್ನಬಾರದು.' ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕ ಬರಂಗಿಲ್ಲ ಅಂತಾರಲ್ಲ, ನಿಮ್ಮವ್ವ ಒಂದು ಹಳೇ ಬಾಟ್ಲಿಲೇ ಮುಚ್ಚಿದ್ರು.

... ಹೌದಲ್ರಿ? ಅವ್ರ ಮಾತಿನಂಗ ಐತೋ ಇಲ್ಲೋ ನೀವ ಹೇಳ್ರಿ. ಓಣ್ಯಾಗ ಯಾರರ ಜಡ್ಡು ಬಿದ್ರ, ನೋಡಿ ಬಂದು, 'ಎರಡು ಬಾಟ್ಲಿ ಏರಿಸ್ಯಾರ ಪಾಪ, ಮಕ್ಕಳು ಚಲೋ ಅದಾರ' ಅಂತ ಮೊದಲ ಸುದ್ದಿ ಹೇಳ್ತಿದ್ದಾಕಿ ಯಾರು?

... ಬಾಟ್ಲಿ ಮಲ್ಲಿಕಸಾಬ ಕೊಟ್ಟ. ಔಷಧದ ಅಂಗಡಿ ಮಲ್ಲಿಕಸಾಬ ಇಲ್ಲೇನು, ಅಂವಾ. 'ಏನ್ ಅಕ್ಕಾರ, ನಾಟಕಾ ಆಡ್ತೀರೇನು?' ಅಂದ. ಹೌದಪ್ಪಾ ಅಂದೆ. ಅದರಾಗ ಬಾವಿ ನೀರು ತುಂಬಿ ತೂಗು ಹಾಕಿದೆ. ದಿನಾ ಮುಂಜಾನೆ ಸ್ವಲ್ಪ ಸ್ವಲ್ಪ ಕರಿಬೇವಿನ ಗಿಡಕ್ಕ ಚೆಲ್ಲಿ ಇಳಸೂದು, ಖಾಲಿ ಆತು ಅಂದ್ರ ಮತ್ತ ತುಂಬೂದು. ಕರಿಬೇವು ಮೂರು ಹೊಸಾ ಟೊಂಗಿ ಒಡದೈತಿ! ನಿನ್ನಿ ಗಡಿಬಿಡಿಯಾಗ ಚೆಲ್ಲೂದು ಮರತೆ. ಮೈಲವ್ವ ಮುಂಜಾನಿಂದ ಮಧ್ಯಾಹ್ನತನಕ ಕುಂತು ನೋಡ್ಯಾರ, ನೀರು ಇಳದಿಲ್ಲ. ಅದಕ್ಕ ಕೌದಿ ಎತ್ಯಾರ.

... ಹಾಂ? ನಕ್ರಿ? ನಕ್ರಿ ನೀವು! ಈಗ ಕೇಳಿಸ್ತು ನನಗ...

... ಮತ್ತೊಂದು ಮಾತು ಅಂದ್ರು ಅವತ್ತ. ಇಲ್ಲಿತನಕ ಯಾರ ಮುಂದೂ ಹೇಳಿಲ್ಲ. 'ನಾ ಒಣಗಾಕ ಹಾಕಿದ ಮೆಣಸಿನಕಾಯಿ, ಶ್ರೀದೇವಿ. ಈಗ ನನ್ನ ಮ್ಯಾಲ ನೀರು ಹೊಡದ್ರ ಕೊಳೀತೇನಿ. ಒಣಗಾಕ ಬಿಡು.' ಅಷ್ಟ ಅಂದು ಆ ಕಡೆ ಹೊಳ್ಳಿ ಮಲಗಿದ್ರು.

... ಅಕ್ಕಾ, ಟುಂಯ್ ಅಂತು ನೋಡ್ರಿ ಮತ್ತ. ಗಾಡಿ ಕಳಸಬ್ಯಾಡ್ರಿ ಅಕ್ಕಾ. ಕೈ ಮುಗೀತೇನಿ. ಮತ್ತ ಆ ಸೂಜಿ, ಆ ನಳಿಗಿ ಬ್ಯಾಡ...

... ಯಾರ‍್ರಿ? ... ಹಾಂ, ನಮಸ್ಕಾರ‍್ರಿ ಡಾಕ್ಟರ‍್ರ. ರಾಣೆಬೆನ್ನೂರು ದವಾಖಾನಿಯವ್ರಾ? ಅಕ್ಕ ಫೋನು ನಿಮ್ಮ ಕೈಯಾಗ ಕೊಟ್ರೇನು? ಚಲೋ ಆತು.

... ಇಲ್ರಿ, ವಾಂತಿ ಇಲ್ಲ, ಭೇದಿ ಇಲ್ಲ, ಜ್ವರಾನೂ ಇಲ್ಲ. ... ಎಂಬತ್ತು ದಾಟೇತ್ರಿ. ... ನುಂಗೂದು ನಿಂತೈತಿ, ಚಮಚಾದಾಗ ಹಾಕಿದ್ರ ನೆತ್ತಿಗೆ ಹತ್ತತೈತಿ. ನಿನ್ನಿಯಿಂದ ಮಾತೂ ನಿಂತೈತಿ. ಕರದ್ರ ಕಣ್ಣು ತಗೀತಾರ, ಕೈಬಟ್ಟು ಅಲ್ಲಾಡಸ್ತಾರ, ಮತ್ತ ಮುಚ್ಚತಾರ. ... ಉಸಿರು ಒಮ್ಮೊಮ್ಮೆ ತಡದು ಬರ್ತೈತ್ರಿ. ಗೊರಗೊರ ಇಲ್ಲ. ನರಳೂದಿಲ್ಲ. ಮುಖಾ ಸಡಿಲ ಐತಿ, ಉಂಡು ಮಲಗಿದವ್ರಂಗ.

... ಬಾಯಿಗೇನ್ರಿ? ಮೆತ್ತನ ಅರಿವಿ ತೋಯಿಸಿ ತುಟಿಗೆ ಹಚ್ಚತೇನಿ, ನಾಲಿಗಿಗೆ ಹಚ್ಚತೇನಿ. ತುಟಿಗೆ ತುಪ್ಪ ಸವರ‍್ತೇನಿ. ಗಳಿಗಿಗೊಮ್ಮೆ ಅದ ಕೆಲಸ ನನ್ನದು.

... ಹಾಂ. ನೀವಾದ್ರ ಒಂದೀಟು ಹಾಕಿ ನೋಡ್ತಿದ್ರಿ. ಸುಮ್ನ ಬಿಡಾಕ ನಿಮಗ ಮನಸ್ಸಾಗಂಗಿಲ್ಲ. ತಿಳೀತ್ರಿ. ನಂದಿತಾ ಡಾಕ್ಟರೂ ಯಾರಿಗೂ ಹಾಕಲೇಬಾರದು ಅಂದಿಲ್ಲ. ಕೆಲವ್ರಿಗೆ ಹಾಕಿದ್ರ ಆರಾಮ ಅನಸ್ತೈತಿ, ಇವ್ರಿಗೆ ತ್ರಾಸ ಆತು, ಕಣ್ಣಿಲೆ ನೋಡಿದ್ವಿ, ಅದಕ್ಕ ಬ್ಯಾಡ ಅಂದ್ರು.

... ಒಂದು ಕೇಳ್ಲೇನ್ರಿ ಡಾಕ್ಟರ‍್ರ? ಸಿಟ್ಟಾಗಬ್ಯಾಡ್ರಿ. ನಿಮ್ಮ ಅವ್ವಾರು ಅದಾರೇನ್ರಿ? ... ಹೋದ್ರ. ಪಾಪ. ... ಅವ್ರಿಗೆ ಹಾಕಿದ್ರೇನ್ರಿ ಸಲಾಯಿನ್? ... ಕಡೀತನಕ. ಹಾಂ. ... ಈಗ ಆ ವ್ಯಾಳ್ಯಾ ಮತ್ತ ಬಂದ್ರ, ಮತ್ತ ಹಾಕ್ತಿದ್ರ?

... ಹಲೋ? ಡಾಕ್ಟರ‍್ರ? ಜೋರಾಗಿ ಅನ್ರಿ, ಅಲ್ಲಿ ಗದ್ದಲದಾಗ ಕೇಳಿಸಲಿಲ್ಲ.

... ಹಾಂ, ಈಗ ಕೇಳಿಸ್ತು. ಗೊತ್ತಿಲ್ಲ ಅಂದ್ರಿ. ... ದೊಡ್ಡ ಮಾತು ಆಡಿದ್ರಿ ನೀವು. ಡಾಕ್ಟರ್ ಬಾಯಿಂದ ಗೊತ್ತಿಲ್ಲ ಅನ್ನೂದು ನಾ ಇವತ್ತ ಮೊದಲ ಕೇಳಿದೆ. ... ಆತ್ರಿ. ಅಕ್ಕಗ ಅದನ್ನ ಹೇಳ್ರಿ, ಅಷ್ಟು ಸಾಕು. ನನ್ನ ಪರ ಮಾತಾಡೂದು ಬ್ಯಾಡ. ... ಕೊಡ್ರಿ ಅವ್ರ ಕೈಯಾಗ.

... ಅಕ್ಕಾ. ... ಹಾಂ. ಹೇಳ್ರಿ.



... ಹೌದು. ಸೋಮವಾರ ನೀವು ಬಂದಾಗನೂ ಬಾಟ್ಲಿ ತೂಗಿತ್ತು. ... ಹೌದು, ನಿಮಗ ಹೇಳಲಿಲ್ಲ. ಅತ್ತಿಯವ್ರು ಹೇಳಬ್ಯಾಡ ಅಂದಿದ್ರು, 'ನೀಲಗಂಗಾಗ ಗೊತ್ತಾದ್ರ ಅತ್ತು ಕರದು ದವಾಖಾನಿಗೆ ಹೊತ್ತೊಯ್ತಾಳ' ಅಂತ. ನೋಡ್ರಿ, ಒಂದು ಅಕ್ಷರ ಸುಳ್ಳಾತೇನು?

... ಇಲ್ಲ, ಇಲ್ಲ. ಇದಕ್ಕ ನಗು ಬರಾಕತ್ತಿಲ್ಲ ನನಗ.

... ಬಾಟ್ಲಿ ನೋಡಿ, 'ಸಲಾಯಿನ್ ನಡದೈತಿ, ಅವ್ವ ಇನ್ನೂ ಗಟ್ಟಿ ಅದಾಳ' ಅಂತ ತಿಳದು ಸಂಜಿ ಬಸ್ಸಿಗೆ ಹೊಂಟ್ರಿ. ಹೂಂ. ನಾ ಚೀಲದಾಗ ಕರಿಬೇವು ಹಾಕಿ ಕಳಿಸಿದೆ. ... ಅವತ್ತ ಅವ್ರಿಗೆ ಮಾತಿತ್ತು. ನೀವು ಉಳದಿದ್ರ ರಾತ್ರೆಲ್ಲಾ ಮಾತಾಡ್ತಿದ್ರಿ ಇಬ್ರೂ. ಈಗ ಮಾತಿಲ್ಲ.

... ಹೌದ್ರಿ ಅಕ್ಕಾ. ಮಂದಿ ಕಣ್ಣಿಗೆ ಕಟ್ಟಿದ ಬಟ್ಟಿ ನಾ ಮಗಳ ಕಣ್ಣಿಗೂ ಕಟ್ಟಿದೆ. ಅತ್ತಿ ಬ್ಯಾಡ ಅಂದ್ರೂ ನಿಮಗ ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನತನಕ ನಿಮ್ಮ ಚೀಲಾ ಹಿಡಕೊಂಡು ಬಂದೆ, ಬಾಯಿ ತುದಿಗೆ ಬಂದಿತ್ತು. ಬಸ್ ಬಂತು, ಹತ್ತಿದ್ರಿ. ತಪ್ಪು ನಂದ. ಅವ್ರ ಮ್ಯಾಲ ಹಾಕಂಗಿಲ್ಲ.

... ಅಳಬ್ಯಾಡ್ರಿ. ಅಲ್ಲಿ ಮಂದಿ ಮುಂದ... ಅಳ್ರಿ, ಅಳ್ರಿ. ದವಾಖಾನ್ಯಾಗ ಅತ್ರ ಯಾರೂ ಯಾಕ ಅಂತ ಕೇಳಂಗಿಲ್ಲ.

... ಅವ್ವನ ಬಾಯಾಗ ನಿಮ್ಮ ಕೈಯಿಂದ ಒಂದು ಗುಟುಕು ನೀರು. ಅದ ಅಲ್ಲೇನ್ರಿ ನಿಮ್ಮ ಸಂಕಟ? ಬೆಡ್ಡೂ ಅಲ್ಲ, ಬಾಟ್ಲೀನೂ ಅಲ್ಲ. ... ಹೂಂ. ನನಗೂ ನಮ್ಮವ್ವ ಹೋಗೂ ಮುಂದ ಅದ ಇತ್ತು. ಗುಟುಕು ಹಾಕಾಕ ಬರಂಗಿಲ್ಲ ಅಕ್ಕಾ, ನೆತ್ತಿಗೆ ಹತ್ತತೈತಿ. ಆದ್ರ ಅರಿವಿ ತೋಯಿಸಿ ತುಟಿಗೆ ಹಚ್ಚಾಕ ಬರ್ತೈತಿ. ಅದೂ ನೀರ. ಅದೂ ಮಗಳ ಕೈಯಿನ ನೀರ. ಹಚ್ಚಿದ್ರ ಚಪ್ಪರಸ್ತಾರ, ಕೂಸಿನಂಗ.

... ಬಸ್ಸಾ? ಈಗ ಎಲ್ಲೆ ಐತ್ರಿ ಬಸ್ಸು, ಇನ್ನ ತಾಸು ಕಾಯಬೇಕು. ತಡೀರಿ, ತಡೀರಿ. ಆ ಗಾಡಿ ಹೋಗೇತೋ, ಅಲ್ಲೇ ಐತೋ? ... ಡ್ರೈವರ್ ಚಾ ಕುಡ್ಯಾಕತ್ತಾನ? ಯಪ್ಪಾ ಪುಣ್ಯಾತ್ಮ, ನಿಧಾನ ಕುಡೀಲಿ! ಅಕ್ಕಾ, ಗಾಡಿ ಬರ‍್ಲಿ. ಖಾಲಿ ಬರೂದು ಬ್ಯಾಡ. ಅದರಾಗ ನೀವು ಕುಂತು ಬರ್ರಿ.

... ಹೌದು, ಪೇಷಂಟ್ ಗಾಡ್ಯಾಗ! ಏನಾತು? ಮುಂದಿನ ಸೀಟಿನಾಗ ಕುಂದರ‍್ರಿ. ಸೈರನ್ ಹೊಡಿ ಅನ್ರಿ ಅವಂಗ, ಹೈವೇದಾಗ ಲಾರಿ ಸರೀತಾವು. ... ಮೈಲವ್ವಗ ತಿಳದ್ರ ತಿಳೀಲಿ. ಅವ್ವನ್ನ ಒಯ್ಯಾಕ ಬಂದ ಗಾಡಿ ಮಗಳನ್ನ ತಂದು ಬಿಟ್ಟು ಹೋತು ಅಂತ ಐರಣಿ ತುಂಬ ಹೇಳ್ಲಿ.

... ನಕ್ರಿ ಮತ್ತ. ಹಾಂ, ಹಿಂಗ ಇರ್ರಿ.

... ಒಳಗ ಬಂದೆ. ಮಂಚದ ಬಾಜೂಕ ಅದೇನಿ. ಕಿವಿಗೆ ಹಿಡೀತೇನಿ, ಏನರ ಅನ್ರಿ. ... ಏನಾದ್ರೂ ಅನ್ರಿ ಅಕ್ಕಾ, ಅವ್ವಾ ಅನ್ರಿ ಸಾಕು. ಟುಂಯ್ ಟುಂಯ್ ಭಾಳ ಆತು, ಲಗೂ. ... ಅತ್ತೀ, ಅತ್ತೀ, ಇಲ್ಲಿ ನೋಡ್ರಿ, ನೀಲಗಂಗಕ್ಕ ಅದಾರ ಫೋನಿನಾಗ. ಎಲ್ಲಾ ಗೊತ್ತಾಗೇತಿ ಅವ್ರಿಗೆ. ಬರಾಕತ್ತಾರ...

...

... ಅಕ್ಕಾ! ಕಣ್ಣು ತಗದಾರ! ನಿಮ್ಮ ದನಿ ಕೇಳ್ಯಾರ. ... ಬಟ್ಟು ಎತ್ತಾಕತ್ತಾರ. ಏನ್ರಿ ಅತ್ತಿ? ಏನು? ನೀರೇನು? ... ನೀರಲ್ಲ. ಮ್ಯಾಲ ತೋರಸ್ತಾರ, ಗ್ವಾಡಿ ಕಡೆ. ಮಳಿ ಕಡೆ. ... ಬಾಟ್ಲೀನ? ... ಬಾಟ್ಲಿ ಇಳಸು ಅಂತಾರ ಅಕ್ಕಾ! ಇಳಸು, ಇಳಸು ಅಂತ ಬಟ್ಟು ಮಾಡ್ತಾರ...

ಹೂಂ ಅತ್ತಿ, ಇಳಸ್ತೇನಿ, ಈಗ ಇಳಸ್ತೇನಿ. ಇನ್ನ ಯಾರಿಗೂ ತೋರ್ಸೂದು ಬ್ಯಾಡ... ಇಳಿಸಿದೆ ನೋಡ್ರಿ... ಅಕ್ಕಾ, ಕೇಳಿಸ್ತೇನ್ರಿ? ಬಾಟ್ಲಿ ತಗದೆ. ಅರಿವಿ ತೋಯಿಸಿ ನಿಮ್ಮ ಸಲುವಾಗಿ ಇಟ್ಟಿರ‍್ತೇನಿ, ನೀವು ಬರೂತನಕ ನಾ ಹಚ್ಚಂಗಿಲ್...